ಮಹಾನಂದಕ್ಕನ ಕುರ್ಚಿ

ನಮ್ಮ ಮನೆತನದಲ್ಲಿ ವಿಮಾನ ಹತ್ತಿದವರು ಯಾರೂ ಇಲ್ಲ. ಆದರೆ ವಿಮಾನ ಹತ್ತುವವರ ಚೀಲದೊಳಗೆ ಏನೇನಿದೆ ಎಂದು ನೋಡಿ ಬಿಡುವವಳು ಒಬ್ಬಳಿದ್ದಾಳೆ. ಆಕೆ ನನ್ನ ಹೆಂಡತಿ ಶ್ರುತಿಯ ಅಕ್ಕ, ಇಳಕಲ್ಲಿನ ಮಹಾನಂದಾ. ನಾನು ಮಹಾನಂದಕ್ಕ ಎನ್ನುತ್ತೇನೆ. ಎದುರಿಗೆ ಹಾಗೆ, ಹಿಂದೆ ಏನೆನ್ನುತ್ತೇನೆ ಎನ್ನುವುದು ಶ್ರುತಿಗೆ ಮಾತ್ರ ಗೊತ್ತು.

ನಾನು ಬಾದಾಮಿಯವನು, ವೀರೇಶ. ಬಸ್‌ಸ್ಟ್ಯಾಂಡಿನ ಮುಂದೆ ನನ್ನದೊಂದು ಟ್ರ್ಯಾಕ್ಸ್ ನಿಂತಿರುತ್ತದೆ. ಗುಹೆ ನೋಡಲು ಬಂದವರನ್ನು ಪಟ್ಟದಕಲ್ಲು, ಐಹೊಳೆ ತಿರುಗಿಸಿಕೊಂಡು ಬರುವುದು ನನ್ನ ದಂಧೆ. ಮಂದಿಯ ಚೀಲಗಳನ್ನು ಗಾಡಿಯ ಮೇಲೆ ಏರಿಸಿ ಇಳಿಸಿ ಬೆನ್ನು ಹಣ್ಣಾಗಿದೆ. ಹೀಗಾಗಿ ಚೀಲದ ವಿಷಯದಲ್ಲಿ ನಾಲ್ಕು ಮಾತಾಡುವ ಹಕ್ಕು ನನಗೂ ಇದೆ ಎಂದುಕೊಂಡಿದ್ದೇನೆ.

ಮಾವ ಶಿವಸಂಗಪ್ಪನವರದು ಕೈಮಗ್ಗದ ಮನೆ. ನೇಕಾರರ ಮಗಳು, ಅದಕ್ಕೇ ಕಣ್ಣು ಚುರುಕು ಎಂದು ಈಗ ಮನೆಗೆ ಬಂದವರೆಲ್ಲ ಹೇಳಿ, ಚಹಾ ಕುಡಿದು ಹೋಗುತ್ತಾರೆ. ಅಪ್ಪಟ ಸುಳ್ಳು. ಮಗ್ಗದ ಮುಂದೆ ಕೂತರೆ ಎಳೆ ಹರಿಯುವುದೊಂದೇ ಆಕೆಗೆ ಬರುತ್ತಿದ್ದ ವಿದ್ಯೆ. "ಈಕಿಗೆ ಕುಂದರೂ ಕೆಲಸ ಒಗ್ಗಂಗಿಲ್ಲ, ಓಡೂ ಕೆಲಸ ಇದ್ರ ನೋಡ್ರಿ," ಎಂದು ಮಾವನೇ ಎಬ್ಬಿಸಿ ಹೊರಗೆ ಕಳಿಸುತ್ತಿದ್ದರಂತೆ. ಅವಳು ಓಡಿಯೇ ಓಡಿದಳು. ಪಿಯುಸಿ ಮುಗಿಸಿ ಎರಡು ವರ್ಷ ಹುನಗುಂದದ ಮೈದಾನದಲ್ಲಿ ಹುಡುಗರ ಜೊತೆ ಓಡಿ, ಕೇಂದ್ರದ ಭದ್ರತಾ ಪಡೆಯ ಭರ್ತಿಯಲ್ಲಿ ಪಾಸಾದಳು. ತೊಂಬತ್ತೊಂಬತ್ತರ ಕೊನೆಗೆ ವಿಮಾನ ಅಪಹರಣವಾಯಿತಲ್ಲ, ಆಮೇಲೆ ಎಲ್ಲ ನಿಲ್ದಾಣಗಳ ಕಾವಲು ಬಿಗಿಯಾಗಿ, ಹೆಣ್ಣುಮಕ್ಕಳೂ ಬೇಕಾಗಿದ್ದರು. ಆಕೆಯನ್ನು ಸಮುದ್ರದ ದಂಡೆಯ ಊರೊಂದರ ನಿಲ್ದಾಣಕ್ಕೆ ಹಾಕಿದರು. ಊರಿನ ಹೆಸರು ಬರೆಯಬೇಡ ಎಂದಿದ್ದಾಳೆ, ಬರೆಯುವುದಿಲ್ಲ.

ಅಲ್ಲಿ ಸಿಕ್ಕಿದ್ದು ನಿಂತು ಮಾಡುವ ಕೆಲಸ. ಹೆಂಗಸರ ತಪಾಸಣೆಗೆ ಪರದೆ ಕಟ್ಟಿದ ಒಂದು ಗೂಡು. ಅದರೊಳಗೆ ದಿನವೆಲ್ಲ ನಿಂತು, ಬಂದವರ ಕೈ ಎತ್ತಿಸಿ, ಮೈ ತಡವಿ, ಚೀಟಿಗೆ ಠಸ್ಸೆ ಹೊಡೆದು ಕಳಿಸಬೇಕು. ನಾಲ್ಕು ವರ್ಷ ಅದನ್ನೇ ಮಾಡಿದಳು. ಸಂಜೆ ಹೊತ್ತಿಗೆ ಬೂಟಿನೊಳಗೆ ಕಾಲು ಹಿಡಿಯುತ್ತಿರಲಿಲ್ಲ. "ಕಾಲಿಂದು ಹೋಗ್ಲಿ," ಎಂದು ಒಮ್ಮೆ ನನಗೆ ಹೇಳಿದ್ದಳು. "ದಿನಾ ನೂರಾರು ಮಂದಿನ್ನ ಮುಟ್ತೇನಿ. ಒಬ್ರೂ ನನ್ನ ಮಾರಿ ನೋಡಂಗಿಲ್ಲ. ಯಾವಾಗ ಬಿಡ್ತಾಳ ಈಕಿ ಅಂತ ಆ ಕಡೆ ನೋಡಕೋತ ನಿಂತಿರ್ತಾರ." ಗೂಡಿನ ಪರದೆ ಸರಿಸಿದರೆ ಎದುರಿಗೇ ಚೀಲ ನೋಡುವ ಯಂತ್ರ. ಯಂತ್ರದ ಮುಂದೆ ಒಂದು ಸ್ಕ್ರೀನ್, ಸ್ಕ್ರೀನಿನ ಮುಂದೆ ಒಂದು ಗಾಲಿ ಕುರ್ಚಿ. ಅದರಲ್ಲಿ ಕೂತವರು ತಡೆ ಎಂದರೆ ಎಂಥ ದೊಡ್ಡ ಮನುಷ್ಯನ ಚೀಲವೂ ನಿಲ್ಲಬೇಕು. ಮಗ್ಗದ ಮುಂದೆ ಕೂರಲೊಲ್ಲದವಳಿಗೆ ಆ ಕುರ್ಚಿಯ ಮೇಲೆ ಜೀವ ಹತ್ತಿತು.

ಕುರ್ಚಿ ಸುಮ್ಮನೆ ಸಿಗುವುದಿಲ್ಲ, ಪರೀಕ್ಷೆ ಇದೆ. ಒಮ್ಮೆ ಬರೆದು ನಪಾಸಾಗಿದ್ದಳು. ಕಲಿಸುವವರು ಬೋರ್ಡಿನ ಮೇಲೆ ಪಿಸ್ತೂಲು ಬರೆದು, ಹತ್ತಾರು ಫೋಟೋ ತೋರಿಸಿ, ಇನ್ನುಳಿದದ್ದು ಕೆಲಸ ಮಾಡುತ್ತಾ ಬರುತ್ತದೆ ಎನ್ನುತ್ತಿದ್ದರು. ಕುರ್ಚಿಯೇ ಸಿಗದವಳಿಗೆ ಕೆಲಸ ಮಾಡುತ್ತಾ ಹೇಗೆ ಬರಬೇಕು?

ಎರಡು ಸಾವಿರದ ಐದರಲ್ಲಿ ಅಲ್ಲಿಗೆ ಹೊಸ ಸಾಹೇಬರೊಬ್ಬರು ಬಂದರು. ಚೀಲ ನೋಡುವುದನ್ನು ಕಂಪ್ಯೂಟರಿನಲ್ಲೇ ಕಲಿಸುವ ಪ್ರೋಗ್ರಾಮು ಪರದೇಶದಲ್ಲಿ ತಯಾರಾಗಿದೆ, ಅದನ್ನು ಕೊಳ್ಳಬೇಕೋ ಬೇಡವೋ ಎನ್ನುವುದು ಅವರ ತಲೆಬಿಸಿ. ಮಾರುವವರು ಒಳ್ಳೆಯದು ಎಂದೇ ಹೇಳುತ್ತಾರೆ. ಸಾಹೇಬರಿಗೆ ಅಷ್ಟು ಸಾಲದು. ಅವರು ಚೀಟಿ ಎತ್ತಿಸಿ ಹುಡುಗ ಹುಡುಗಿಯರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಹಳೆಯ ಬೋರ್ಡು, ಇನ್ನೊಂದಕ್ಕೆ ಕಂಪ್ಯೂಟರು. ಕೊನೆಗೆ ಎಲ್ಲರಿಗೂ ಒಂದೇ ಯಂತ್ರದ ಮುಂದೆ, ಖರೆ ಚೀಲಗಳ ಮೇಲೆ ಪರೀಕ್ಷೆ. ಯಾವ ಪಾಲು ಹೆಚ್ಚು ಹಿಡಿಯುತ್ತದೆ ನೋಡೋಣ ಎಂದರು. ಪಾಸಾದವರಿಗೆ ಕುರ್ಚಿ, ಆಗದವರಿಗೆ ಇನ್ನೊಂದು ವರ್ಷ ಹಳೆಯ ಜಾಗ.

ಮಹಾನಂದಕ್ಕನ ಚೀಟಿಗೆ ಕಂಪ್ಯೂಟರು ಬಂತು. ಆಕೆಯ ಕೋಣೆಯಲ್ಲೇ ಇರುವ ಮಣಿಪುರದ ಹುಡುಗಿಗೂ ಅದೇ. ದಿನಾ ಒಂದು ತಾಸು ಇಬ್ಬರೂ ಹೋಗಿ ಕೂರುತ್ತಿದ್ದರು. ಸ್ಕ್ರೀನಿನ ಮೇಲೆ ಚೀಲದ ಚಿತ್ರ ಬರುತ್ತದೆ; ಬಟ್ಟೆ, ತಿನಿಸು ಕಿತ್ತಳೆ ಬಣ್ಣ, ಕಬ್ಬಿಣ ನೀಲಿ. ತಡೆ ಅಥವಾ ಬಿಡು, ಎರಡರಲ್ಲೊಂದು ಒತ್ತಬೇಕು. ತಪ್ಪಿದರೆ ಆ ಕ್ಷಣವೇ ಕೆಂಪು ಗೆರೆ ಎಳೆದು, ಇಗೋ ಇಲ್ಲಿತ್ತು ನೋಡು ಎಂದು ತೋರಿಸುತ್ತದೆ. ಇಂದು ಮಲಗಿದ್ದ ಪಿಸ್ತೂಲು ನಾಳೆ ನೆಟ್ಟಗೆ ನಿಲ್ಲುತ್ತದೆ, ನಾಡಿದ್ದು ಛತ್ರಿಯ ಹಿಂದೆ ಅಡಗುತ್ತದೆ. "ಬೈಯೂದಿಲ್ಲ, ನಗೂದಿಲ್ಲ, ಎಷ್ಟು ಸಲ ತಪ್ಪಿದ್ರೂ ಮತ್ತ ತೋರಸ್ತೈತಿ. ನಮ್ಮ ಸಾಲ್ಯಾಗ ಇಂಥಾ ಮಾಸ್ತರ ಒಬ್ರೂ ಇರಲಿಲ್ಲ," ಎಂದು ಫೋನಿನಲ್ಲಿ ಹೊಗಳಿದ್ದೇ ಹೊಗಳಿದ್ದು.

ಒಂದೇ ಕೊರತೆ. ಆ ಪ್ರೋಗ್ರಾಮಿನ ಚೀಲಗಳೆಲ್ಲ ಪರದೇಶದವರವು. ಕೂದಲು ಒಣಗಿಸುವ ಯಂತ್ರ, ವೈನ್ ಬಾಟಲಿ, ದಪ್ಪ ಕೋಟು. ನಮ್ಮವರು ಹಾಗೆಲ್ಲಿ ಕಟ್ಟುತ್ತಾರೆ? ಸಾಹೇಬರಿಗೂ ಅದು ಹೊಳೆದಿತ್ತು. ರಜೆಯ ಮೇಲೆ ಊರಿಗೆ ಹೋಗುವವರೆಲ್ಲ ನಾಲ್ಕಾರು ಮನೆಯವರಿಂದ ಚೀಲ ಕಟ್ಟಿಸಿಕೊಂಡು ಬನ್ನಿ, ಪರೀಕ್ಷೆಗೆ ಅವನ್ನೇ ಇಡುತ್ತೇನೆ ಎಂದರು. ಕಟ್ಟುವಾಗ ನೀವು ನೋಡಕೂಡದು. ಅಪಾಯದ ವಸ್ತು ಇಲ್ಲ ಎಂದು ಕೇಳಿಕೊಂಡರೆ ಸಾಕು. ಕೆಲವು ಚೀಲಗಳಲ್ಲಿ ಪಿಸ್ತೂಲು, ಚಾಕುಗಳನ್ನು ಆಮೇಲೆ ತಾವೇ ಸೇರಿಸುವವರಿದ್ದರು.

ಆಗ ಶ್ರುತಿ ಬಾಣಂತಿ, ಇಳಕಲ್ಲಿನ ತವರಿನಲ್ಲಿದ್ದಳು. ಮಗನನ್ನು ನೋಡಲು ನಾನು ಟ್ರ್ಯಾಕ್ಸ್ ತಗೊಂಡು ಹೋದರೆ, ಕೂಸಿನ ಮುಖ ಸರಿಯಾಗಿ ನೋಡುವ ಮೊದಲೇ ಮಹಾನಂದಕ್ಕ ಗಾಡಿ ಹತ್ತಿ ಕೂತಿದ್ದಳು. "ನಡೀರಿ ವೀರೇಶ, ಮಂದಿ ಮನಿ ಚೀಲಾ ತರೂದೈತಿ." ಸಂಬಳವಿಲ್ಲದ ಚಾಕರಿ ಎಂದರೆ ಅಳಿಯಂದಿರ ನೆನಪಾಗುವುದು ಎಲ್ಲರಿಗೂ ಒಂದೇ.

ಹುನಗುಂದದಲ್ಲಿ ಟೈರಿನ ಪಂಕ್ಚರು ತಿದ್ದುವ ಫಕ್ರುಸಾಬ ನನ್ನ ಗೆಳೆಯ. ಆತನ ಹೆಂಡತಿ ಶಹರಬಾನುಗೆ ವಿಷಯ ತಿಳಿಸಿ ಹೇಳಿದೆವು. ಆಕೆ ಎಲ್ಲ ಕೇಳಿ, "ಯಾರು ಹೊಂಟಾರ, ಎಲ್ಲಿಗೆ?" ಎಂದಳು. ಯಾರೂ ಹೊರಟಿಲ್ಲ, ಹೊರಟವರಂತೆ ಕಟ್ಟಬೇಕು ಎಂದೆವು. "ಹೋಗವ್ರು ಯಾರಂತ ಗೊತ್ತಿಲ್ಲದ ಏನ ಕಟ್ಟಲಿ ಭಾಯಿ?" ಎಂದು ಕೈ ಕಟ್ಟಿ ಕೂತುಬಿಟ್ಟಳು. ಕಡೆಗೆ ಫಕ್ರುಸಾಬನೇ, "ಸೊಲ್ಲಾಪುರದ ಮಗಳ ಮನಿಗೆ ನಾ ಹೊಂಟೀನಿ ಅಂತ ತಿಳಕೊ," ಎಂದ ಮೇಲೆ ಎದ್ದಳು. ಹೊಸ ಲುಂಗಿ, ಮೊಮ್ಮಕ್ಕಳಿಗೆ ಅಂಗಿ, ಅಮೀನಗಡದ ಕರದಂಟಿನ ಗಟ್ಟಿ ಪೊಟ್ಟಣ, ಶೇಂಗಾ ಹಿಂಡಿಯ ಸ್ಟೀಲ್ ಡಬ್ಬಿ. ಕಟ್ಟಿ ಮುಗಿಸಿದ ಮೇಲೆ ಫಕ್ರುಸಾಬನಿಗೆ ಖರೆಯೇ ಮಗಳ ನೆನಪಾಗಿ, ಮುಂದಿನ ವಾರ ಸೊಲ್ಲಾಪುರಕ್ಕೆ ಹೋಗಿಯೇ ಬಂದನಂತೆ.

ಅಲ್ಲಿಂದ ಬಾಗಲಕೋಟೆಯ ನವನಗರ. ಅಣೆಕಟ್ಟಿನ ಮುಳುಗಡೆಯಲ್ಲಿ ಹಳೆಯ ಮನೆ ಕಳೆದುಕೊಂಡು ಬಂದಿದ್ದ ಹುಸೇನಬಿ ಎನ್ನುವ ಮುದುಕಿಯನ್ನು ಮಹಾನಂದಕ್ಕ ಮೊದಲಿನಿಂದ ಬಲ್ಲಳು. ಅಲ್ಲಿ ಮಾತೇ ಬೇಕಾಗಲಿಲ್ಲ. "ಪೂರಾ ಮನೀನ ಕಟಗೊಂಡ ಬಂದೀನಿ, ಒಂದ ಚೀಲಾ ಏನ ಭಾಳ," ಎಂದು ನಗುತ್ತಾ ಅರ್ಧ ತಾಸಿನಲ್ಲಿ ಹೊಲಿದು ಬಿಗಿದು ಕೊಟ್ಟಳು. ತಿನಿಸು ಕೆಡುತ್ತದೆ, ಅಲ್ಲೇ ತಿಂದುಬಿಡಿರಿ, ಚೀಲ ಮಾತ್ರ ತಿರುಗಿ ಕೊಡಿರಿ ಎನ್ನುವುದು ಎಲ್ಲ ಮನೆಯವರ ಕರಾರು.

ಕೊನೆಯ ಚೀಲ ಅತ್ತೆ ಮುತ್ತವ್ವನದು. ಆಕೆಯೂ ಸುಳ್ಳು ಚೀಲ ಕಟ್ಟಲು ಒಪ್ಪಲಿಲ್ಲ. ಮುಂದಿನ ತಿಂಗಳು ಶ್ರುತಿ ಕೂಸಿನೊಂದಿಗೆ ಬಾದಾಮಿಗೆ ಹೋಗುವವಳಿದ್ದಳಲ್ಲ, ಅದನ್ನೇ ಈಗ ಒಮ್ಮೆ ಕಟ್ಟಿ ನೋಡುತ್ತೇನೆ ಎಂದಳು. ಮಹಾನಂದಕ್ಕ ನಿಯಮದಂತೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಳು. ನಾನು ಒಳಗೇ ಇದ್ದೆ. ಕೂಸಿನ ಕೌದಿ, ತಲೆಗೆ ಹೊದಿಸುವ ಎರಡು ಕುಂಚಿಗಿ, ಬಾಣಂತಿಗೆ ಅಂಟಿನುಂಡಿ, ಒಣ ಕೊಬ್ಬರಿಯ ಗಿಟಕು, ಒಂದು ಇಳಕಲ್ ಸೀರೆ. ಎಲ್ಲ ಇಟ್ಟು, ಕೊನೆಗೆ ಮೂಲೆಯಿಂದ ಗೇಣುದ್ದದ ಹಳೆಯ ಕುಡಗೋಲು ತಂದು ಕೌದಿಯ ಮಡಿಕೆಯೊಳಗೆ ತೂರಿಸಿದಳು. ಬಾಣಂತಿಯ ಜೊತೆ, ಕೂಸಿನ ಬಟ್ಟೆಯ ಜೊತೆ ಒಂದು ಚೂರು ಕಬ್ಬಿಣವಿಲ್ಲದೆ ನಮ್ಮ ಕಡೆ ಯಾರೂ ಹೊಸ್ತಿಲು ದಾಟುವುದಿಲ್ಲ. ಗಾಳಿ ಸೋಕುತ್ತದೆ ಎನ್ನುತ್ತಾರೆ. ಅದನ್ನು ನೋಡಿ ನನಗೆ ಏನೂ ಅನ್ನಿಸಲಿಲ್ಲ. ಇಡದಿದ್ದರೆ ಅನ್ನಿಸುತ್ತಿತ್ತು.

"ಚಾಕು ಚೂರಿ ಏನೂ ಹಾಕಿಲ್ಲಲಾ ಯವ್ವಾ?" ಎಂದು ಮಹಾನಂದಕ್ಕ ಹೊರಗಿನಿಂದ ಕೇಳಿದಳು.

"ನನಗೇನ ಬುದ್ಧಿ ಇಲ್ಲೇನ? ಕೂಸಿನ ಚೀಲದಾಗ ಚಾಕು ಯಾಕ ಹಾಕಲಿ," ಎಂದಳು ಅತ್ತೆ. ಮೋಸ ಅಲ್ಲ. ಅತ್ತೆಯ ಲೆಕ್ಕದಲ್ಲಿ ಅದು ಚೂರಿಯೂ ಅಲ್ಲ, ಆಯುಧವೂ ಅಲ್ಲ. ನನ್ನ ಲೆಕ್ಕದಲ್ಲೂ ಅಲ್ಲ.

ಹೀಗೆ ನಮ್ಮ ಚೀಲಗಳು ಬಸ್ಸು ಹತ್ತಿದವು. ಕೇರಳ, ಪಂಜಾಬು, ಬಿಹಾರದ ಚೀಲಗಳ ಜೊತೆ ಅಲ್ಲಿ ಒಂದೇ ರಾಶಿಯಾದವು. ಸಾಹೇಬರು ಮಡಿಕೆ ಕೆಡಿಸದೆ ಕೆಲವಕ್ಕೆ ತಮ್ಮ ಸಾಮಾನು ಸೇರಿಸಿದರು. ಪರೀಕ್ಷೆಯ ನಿಯಮ ಸರಳ. ಒಳ್ಳೆಯ ಚೀಲವನ್ನು ತಡೆದರೆ ಸಣ್ಣ ತಪ್ಪು, ಅಂಥವು ಹೆಚ್ಚಾದರೆ ನಪಾಸು. ಆಯುಧವಿದ್ದ ಚೀಲವನ್ನು ಬಿಟ್ಟರೆ ಒಂದೇ ಸಾಕು, ಅಲ್ಲಿಗೇ ನಪಾಸು.

ಮುಂದಿನದೆಲ್ಲ ಮಹಾನಂದಕ್ಕನ ಬಾಯಿಂದ ಕೇಳಿದ್ದು. ಅವರು ಅಲ್ಲಿ ಆಡಿದ್ದು ಹಿಂದಿ. ನನಗೆ ತಿಳಿದಂತೆ ಬರೆಯುತ್ತೇನೆ.

ಬೋರ್ಡಿನ ಪಾಲಿನವರು ಛತ್ರಿಯ ಹಿಂದಿನ ಪಿಸ್ತೂಲುಗಳನ್ನು ಸಾಲುಸಾಲಾಗಿ ಬಿಟ್ಟರು. ಕಂಪ್ಯೂಟರಿನವರು ಅವನ್ನು ಹಿಡಿದರು, ಜೊತೆಗೆ ಸುಮ್ಮನಿದ್ದ ಉಪ್ಪಿನಕಾಯಿಯನ್ನೂ ಹಿಡಿದರು. ಶಹರಬಾನುವಿನ ಕರದಂಟು ಸ್ಕ್ರೀನಿನ ಮೇಲೆ ಸಿಡಿಮದ್ದಿನ ಇಟ್ಟಿಗೆಯಂತೆ ಕಂಡು ಅರ್ಧಕ್ಕರ್ಧ ಮಂದಿ ತಡೆ ಒತ್ತಿದರಂತೆ. ಮಹಾನಂದಕ್ಕ ಒತ್ತಲಿಲ್ಲ, ಕರದಂಟು ಗುರುತು ಸಿಕ್ಕಿ ನಕ್ಕು ಬಿಟ್ಟಳು. ಪಿಸ್ತೂಲು, ಚಾಕು ಬಂದಾಗ ಒಂದನ್ನೂ ಬಿಡಲಿಲ್ಲ.

ಸಂಜೆ ಸಾಹೇಬರು ಎಲ್ಲರನ್ನೂ ಕೂರಿಸಿ ಫಲಿತಾಂಶ ಓದಿದರು. ಕಂಪ್ಯೂಟರಿನ ಪಾಲೇ ಮುಂದೆ, ಅದರಲ್ಲೂ ಮಹಾನಂದಾ ಮೊದಲು. ಮಣಿಪುರದ ಹುಡುಗಿ ನಪಾಸು. ಒಳ್ಳೆಯ ಚೀಲ ತಡೆದದ್ದು ಒಂದು ಹೆಚ್ಚಾಗಿತ್ತು. ಆ ಹುಡುಗಿ ಎದ್ದು ನಿಂತು, ಕೂಸಿನ ಬಟ್ಟೆ ಇದ್ದ ಕೊನೆಯ ಚೀಲದಲ್ಲಿ ನಾನು ಸುಮ್ಮನೆ ತಡೆ ಎನ್ನಲಿಲ್ಲ, ಬಾಗಿದ ಅಲಗು ಕಂಡಿತು ಎಂದಳು. ಸಾಹೇಬರು, ಅದರಲ್ಲಿ ನಾವು ಏನೂ ಇಟ್ಟಿಲ್ಲವಮ್ಮ, ಕಣ್ಣು ದಣಿದಿರಬೇಕು, ಮುಂದಿನ ವರ್ಷ ನೋಡೋಣ ಎಂದರು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಕೂತಳು. ಉಳಿದವರು ಮಹಾನಂದಕ್ಕನ ಬೆನ್ನು ತಟ್ಟುತ್ತಿದ್ದರು.

ಆಗ ಮಹಾನಂದಕ್ಕ ಎದ್ದಳು. "ಸಾಬ್, ಆ ಚೀಲದಲ್ಲಿ ಕಬ್ಬಿಣ ಇದೆ."

"ನಿನಗೆ ಹೇಗೆ ಗೊತ್ತು?"

"ನೋಡಿದೆ."

"ನೋಡಿದ್ದರೆ ಯಾಕೆ ಬಿಟ್ಟೆ?"

ಮಹಾನಂದಕ್ಕನಿಗೆ ಕಂಡದ್ದು ನಿಜ. ಉಂಡಿಗಳ ಸಾಲು, ಕೌದಿಯ ಮಡಿಕೆ, ಅದರ ನಡುವೆ ನೀಲಿ ಗೆರೆಯೊಂದು. ನೋಡಿದ ಕೂಡಲೇ ಬಾಣಂತಿಯ ಚೀಲವೆಂದು ಗುರುತು ಹತ್ತಿತು, ಕೈ ತಾನಾಗಿ ಬಿಡು ಎನ್ನುವುದನ್ನು ಒತ್ತಿತು. ಇದ್ದದ್ದನ್ನು ಇದ್ದಂತೆ ಹೇಳಿದಳು: "ಅಲ್ಲಿ ಅದು ಇರಲೇಬೇಕು ಅನ್ನಿಸಿತು ಸಾಬ್. ಇದ್ದದ್ದನ್ನು ನೋಡಿ ಸಮಾಧಾನವಾಯಿತು."

ಚೀಲ ಬಿಚ್ಚಿಸಿದರು. ಕೌದಿಯೊಳಗಿಂದ ಕುಡಗೋಲು ಹೊರಬಂದಾಗ ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ನಕ್ಕು, ಆ ಚೀಲದ ಮಟ್ಟಿಗೆ ಎಲ್ಲರ ಫಲಿತಾಂಶವನ್ನೂ ತಿದ್ದಿದರು. ಹುಡುಗಿ ಪಾಸು. ಆಯುಧವಿದ್ದ ಚೀಲವನ್ನು ನೋಡಿಯೂ ಬಿಟ್ಟ ಮಹಾನಂದಾ ನಪಾಸು. ರಾತ್ರಿ ಊಟಕ್ಕೆ ಇಬ್ಬರೂ ಒಂದೇ ತಟ್ಟೆಯಲ್ಲಿ ಅಂಟಿನುಂಡಿ ಇಟ್ಟುಕೊಂಡು ತಿಂದರಂತೆ.

ಸುದ್ದಿ ಇಳಕಲ್ಲಿಗೆ ಮುಟ್ಟಿದಾಗ ಅತ್ತೆ ಅತ್ತು ಕರೆದು, "ನನ್ನ ಕೈಯಿಂದ ನಿನ್ನ ಕುರ್ಚಿ ಹೋತಲ್ಲಬೇ," ಎಂದಳು. "ನಿನ್ನ ಕೈಯಿಂದಲ್ಲ ಯವ್ವಾ. ನೀ ಇಡೂದು ಇಟ್ಟಿ. ತಡಿಯೂದು ನನ್ನ ಕೆಲಸ ಇತ್ತು," ಎಂದಳು ಮಗಳು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಯಾರಿಗೆ ತಿಳಿಯುತ್ತಿತ್ತು? ಫೋನಿನಲ್ಲಿ ಕೇಳಿಯೂ ಕೇಳಿದೆ. "ಅದರಾಗ ಕೇಳೂದೇನೈತ್ರಿ?" ಎಂದು ಆಕೆಯೇ ನನ್ನ ಮೇಲೆ ಹರಿಹಾಯ್ದಳು. "ಆಕಿ ಖರೇ ನೋಡ್ಯಾಳ, ಖರೇ ಹೇಳ್ಯಾಳ. ಆಕಿ ಕಣ್ಣ ಸುಳ್ಳ ಅಂದು ಸಿಕ್ಕ ಕುರ್ಚ್ಯಾಗ ಕುಂತು ನಾ ಇನ್ನೊಬ್ರ ಚೀಲಾ ಹೆಂಗ ನೋಡ್ಲಿ?" ಫೋನು ಇಟ್ಟ ಮೇಲೆ ಸಿಟ್ಟು ಇಳಿಯಿತು. ಇಂಥವಳು ನಮ್ಮ ಮನೆಯವಳು ಎಂದು ಎದೆ ಉಬ್ಬಿತು. ಎರಡು ದಿನ ಗಾಡಿ ಹತ್ತಿದವರಿಗೆಲ್ಲ ಅದನ್ನೇ ಹೇಳಿದೆ.

ಸಾಹೇಬರ ವರದಿ ಕಂಪ್ಯೂಟರಿನ ಪರವಾಗಿಯೇ ಹೋಯಿತು, ಒಂದು ಮಾತು ಸೇರಿಸಿ: ಪರದೇಶದ ಚೀಲಗಳ ಜೊತೆ ನಮ್ಮ ಚೀಲಗಳ ಚಿತ್ರವನ್ನೂ ಹಾಕಬೇಕು. ಹಾಕಿದರು. ಕಾಣದ್ದನ್ನು ಹುಡುಕುವುದನ್ನು ಯಂತ್ರ ಕಲಿಸುತ್ತದೆ, ಗುರುತಿನದ್ದನ್ನು ಅನುಮಾನಿಸುವುದನ್ನೂ ಕಲಿಸಬೇಕು ಎಂದು ಆಮೇಲಿನ ಪಾಠದಲ್ಲಿ ಅತ್ತೆಯ ಚೀಲವನ್ನೇ ತೋರಿಸುತ್ತಿದ್ದರಂತೆ. ಮಹಾನಂದಕ್ಕ ಇನ್ನೊಂದು ವರ್ಷ ಗೂಡಿನಲ್ಲಿ ನಿಂತಳು. ಬೇಸರ ಮಾಡಿಕೊಳ್ಳಲಿಲ್ಲ, ಬಿಡುವಿನಲ್ಲಿ ಮಣಿಪುರದ ಹುಡುಗಿಯೇ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದಳು. ಎರಡು ಸಾವಿರದ ಆರರಲ್ಲಿ ಪಾಸಾಗಿ ಕುರ್ಚಿ ಹತ್ತಿದಳು. ಮಾವ ಇಳಕಲ್ಲಿನಲ್ಲಿ ಪೇಢೆ ಹಂಚಿದರು.

ಮರುವರ್ಷದ ಮಾತು. ಅಷ್ಟರಲ್ಲಿ ಅಗ್ಗದ ಟಿಕೀಟಿನ ವಿಮಾನಗಳು ಬಂದು, ನಮ್ಮಂಥವರೂ ಹಾರತೊಡಗಿದ್ದರು. ಒಂದು ಬೆಳಗ್ಗೆ ಮಹಾನಂದಕ್ಕನ ಸ್ಕ್ರೀನಿನ ಮೇಲೆ ಉಂಡಿಗಳ ಸಾಲು ಬಂತು, ಸಣ್ಣ ಅಂಗಿಗಳು ಬಂದವು, ಅವುಗಳ ನಡುವೆ ನೀಲಿ ಗೆರೆ ಬಂತು. ಈ ಸಲ ಆಕೆಯ ಕೈ ತಡೆಯ ಮೇಲೆ ಬಿತ್ತು. ಚೀಲ ಬಿಚ್ಚುವವನು ಅರಿವೆ ಸುತ್ತಿದ ಪುಟ್ಟ ಚೂರಿಯನ್ನು ತೆಗೆದು ಡಬ್ಬಕ್ಕೆ ಹಾಕಿದ. ಅಷ್ಟಕ್ಕೆ ಒಬ್ಬ ಮುದುಕಿ ಅವನ ಕೈ ಹಿಡಿದುಕೊಂಡಳು. "ಅದನ್ನ ತಗೀಬ್ಯಾಡೋ ಎಪ್ಪಾ, ಹಸಿ ಕೂಸೈತಿ, ಗಾಳಿ ಬಡಿತೈತಿ." ಅವನಿಗೆ ಕನ್ನಡ ಬರುವುದಿಲ್ಲ. ಮುದುಕಿಯ ಹಿಂದೆ ಕೂಸು ಹೊತ್ತ ಮಗಳು ಅಳುವಂತೆ ನಿಂತಿದ್ದಳು.

ಮಹಾನಂದಕ್ಕ ಮಣಿಪುರದ ಹುಡುಗಿಯನ್ನು ಕರೆದು ಸ್ಕ್ರೀನಿನ ಮುಂದೆ ಕೂರಿಸಿ ಎದ್ದಳು. ಮುದುಕಿಯ ಹೆಸರು ಹನಮವ್ವ, ಊರು ನಮ್ಮ ಬಾಗಲಕೋಟೆ ಕಡೆಯ ಶಿರೂರು. ಅಳಿಯ ಮಿಲಿಟರಿಯಲ್ಲಿ, ಮಗಳನ್ನೂ ಮೊಮ್ಮಗಳನ್ನೂ ಅವನ ಹತ್ತಿರ ಬಿಡಲು ಹೊರಟಿದ್ದಳು. "ಚೂರಿ ಬಿಡಾಕ ಬರಂಗಿಲ್ಲ ಯವ್ವಾ, ನಾ ಬಿಡಂಗಿಲ್ಲ," ಎಂದಳು ಮಹಾನಂದಕ್ಕ. ಹೇಳಿ, ತನ್ನ ಸಮವಸ್ತ್ರದ ತೋಳಿನ ಮಡಿಕೆಯೊಳಗೆ ಚುಚ್ಚಿಕೊಂಡಿದ್ದ ಪಿನ್ನು ಬಿಚ್ಚಿ, ಕೂಸಿನ ಕುಂಚಿಗಿಯ ಅಂಚಿಗೆ ಒಳಗಿನಿಂದ ಸಿಗಿಸಿ, ಮೊನೆ ಚುಚ್ಚದಂತೆ ಬೆರಳಿನಿಂದ ಒತ್ತಿ ನೋಡಿದಳು. "ಇದೂ ಕಬ್ಬಿಣನ. ಇದನ್ನ ಯಾರೂ ಕಸಗೊಳ್ಳಂಗಿಲ್ಲ."

ಹನಮವ್ವ ಕುಂಚಿಗಿ ಮಗುಚಿ ಪಿನ್ನು ಮುಟ್ಟಿ ನೋಡಿದಳು. ಆಮೇಲೆ ತಲೆ ಎತ್ತಿ ಮಹಾನಂದಕ್ಕನ ಮುಖ ನೋಡಿದಳು, ಸಾವಕಾಶ ನೋಡಿದಳು. "ಯಾರ ಮಗಳವ್ವಾ ನೀ?"

"ಇಳಕಲ್ಲ ಶಿವಸಂಗಪ್ಪನ ಮಗಳು."

"ಚಲೋ ಆತು," ಎಂದು ಮುದುಕಿ ಕೂಸನ್ನು ಮಗಳ ಕೈಯಿಂದ ಇಸಗೊಂಡು ಮುಂದೆ ನಡೆದಳು. ಮಹಾನಂದಕ್ಕ ತಿರುಗಿ ಬಂದು ತನ್ನ ಕುರ್ಚಿಯಲ್ಲಿ ಕೂತಳು.